ಇಲಿಯ ಕಣಜ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ತಿಂಗಳು, ಧನಗೆರೆಯ ಒಂದು ಕುಯ್ದ ಗದ್ದೆಗೆ ಸಾವಿರ ಬಾತುಕೋಳಿಗಳು ಊಟಕ್ಕೆ ಬಂದವು. ಅವುಗಳನ್ನು ಯಾರೂ ಬೈಯಲಿಲ್ಲ.

"ನಿಮ್ಮಪ್ಪನ ಗದ್ದೆಯೇನ್ಮೇ ಇದು? ಎದ್ದು ನಡಿ, ಮುಂಡೆ."

ಬದುವಿನ ಮೇಲೆ ನಿಂತು ಹೀಗೆಂದವನು ಗದ್ದೆಯ ಒಡೆಯ ಚಿಕ್ಕಮಾದಪ್ಪ. ಕೂಲಿಯ ಗೋವಿಂದಮ್ಮ ಕೈಯಲ್ಲಿದ್ದ ನಾಲ್ಕು ತೆನೆ ಬಿಡದೆ ಎದ್ದಳು.

"ಅಕ್ಕಲು ಆಯ್ತಿದ್ದೆ ಬುದ್ದಿ. ಕುಯ್ಲಾದ ಮ್ಯಾಲೆ ಉದುರಿದ್ದು ನಮ್ಗೇ ಅಲ್ವಾ, ನಮ್ಮವ್ವನ ಕಾಲದಿಂದ್ಲೂ?"

"ನಿಮ್ಮವ್ವನ ಕಾಲದಲ್ಲಿ ಬಾತಿನವ್ನು ಬತ್ತಿರ್ಲಿಲ್ಲ. ಈಗ ಅವ್ನಿಗೆ ಗುತ್ತಿಗೆ ಕೊಟ್ಟಿವ್ನಿ. ನೆಲದ ಮ್ಯಾಲಿರೋ ಒಂದೊಂದು ಕಾಳೂ ಬಾತಿಂದು."

"ಅಂಗಾರೆ ಮುಂದಿನ ಸಲ ನಾಟಿಗೂ ಬಾತುಗಳ್ನೇ ಕರೀರಿ. ಸೊಂಟ ನೋವು ಅನ್ನಕಿಲ್ಲ, ಪಾಪ."

ಬಾತು ಮೇಯಿಸುತ್ತಿದ್ದ ತಮಿಳಿನವನು ಕಿಸಕ್ಕನೆ ನಕ್ಕ.

ಗೋವಿಂದಮ್ಮನಿಗೆ ನಗು ಬರಲಿಲ್ಲ. ಸೊಸೆ ಪುಷ್ಪ ಹೆತ್ತು ಹನ್ನೊಂದು ದಿನ. ಹಾಲು ಸಾಲದೆ ಕೂಸು ಅಳುತ್ತಿತ್ತು. ಹದಿನೈದು ದಿನದ ಕುಯ್ಲಿನ ಕೂಲಿಯನ್ನು ಕಟಾವು ಮಿಷನ್ನು ಅರ್ಧ ದಿನದಲ್ಲಿ ನುಂಗಿತ್ತು. ಇನ್ನು ರೇಷನ್ ಕಾರ್ಡು. ಮದುವೆಯಾಗಿ ಎರಡು ವರ್ಷವಾದರೂ ಅದರ ಪ್ರಕಾರ ಪುಷ್ಪ ಆ ಮನೆಗಿನ್ನೂ ಕಾಲಿಟ್ಟಿರಲಿಲ್ಲ. ಇದ್ದ ಅಕ್ಕಿ ಮುಗಿದು ನಾಲ್ಕು ದಿನ. "ಒತ್ತು ಮುಳುಗೋದ್ರೊಳ್ಗೆ ಬಿಸಿ ಅನ್ನ ಉಣ್ಣಿಸ್ತೀನಿ ಕಣವ್ವಾ" ಎಂದು ಬೆಳಿಗ್ಗೆ ಸೊಸೆಗೆ ಮಾತು ಕೊಟ್ಟು ಬಂದಿದ್ದಳು.

"ಮ್ಯಾಲಿರೋದು ಬಾತಿಂದು ಸರಿ ಬುದ್ದಿ. ನೆಲದ ಕೆಳ್ಗಿರೋದು?"

ಚಿಕ್ಕಮಾದಪ್ಪನಿಗೆ ಗಮ್ಮತ್ತೆನಿಸಿತು. "ಕೆಳ್ಗಿರೋದೆಲ್ಲ ನಿಂದೇ. ತೋಡ್ಕಂಡು ಮಣ್ ತಿನ್ನು. ನೀನೇ ಸಾಕ್ಷಿ ಕಣಯ್ಯಾ," ಎಂದು ಬಾತಿನವನತ್ತ ಕಣ್ಣು ಮಿಟುಕಿಸಿದ.

ಅವನಿಗೆ ಇಲಿಯ ನೆನಪಿರಲಿಲ್ಲ. ಗೋವಿಂದಮ್ಮನಿಗೆ ಆ ಬದುವಿನ ಇಲಿಗಳ ಮನೆ ಮನೆಯೂ ಗೊತ್ತಿತ್ತು. ಗುದ್ದಲಿ ತಂದು, ಹೊಸ ಮಣ್ಣು ಗುಡ್ಡೆಯಾಗಿದ್ದ ಕಡೆ ಅಗೆದಳು. ಮೊಳದಾಳಕ್ಕೆ ಕಣಜ ಸಿಕ್ಕಿತು. ಇಲಿ ಅಚ್ಚುಕಟ್ಟಿನ ಸಂಸಾರಸ್ಥ. ತೆನೆಗಳನ್ನು ಒಂದೇ ಅಳತೆಗೆ ಕತ್ತರಿಸಿ ಒತ್ತಾಗಿ ಜೋಡಿಸಿತ್ತು.

"ಲೇ ಬೇವರ್ಸಿ, ಅದು ನನ್ ಭತ್ತ."

"ನಿಮ್ದಲ್ಲ ಬುದ್ದಿ, ಇಲಿಯಪ್ಪಂದು. ಅವ್ನ ಆಸ್ತಿನ ನಂಗೆ ದಾನ ಮಾಡ್ದೋರು ನೀವೇ."

"ಆಮಾ ಸಾಮಿ, ನೀವೇ ಯೋಳುದ್ರಿ," ಎಂದ ಬಾತಿನವನು, ಬಾತುಗಳ ಕಡೆ ನೋಡುತ್ತ.

ಮೂರು ಬಿಲ ಅಗೆಯುವಷ್ಟರಲ್ಲಿ ಮಡಿಲು ತುಂಬಿತು. ಒಂದೊಂದರಲ್ಲೂ ಎರಡೆರಡು ಹಿಡಿ ತೆನೆ ಉಳಿಸಿ, ಮಣ್ಣೆಳೆದು, ಹಿಮ್ಮಡಿಯಲ್ಲಿ ತುಳಿದು ಬದುವನ್ನು ಮೊದಲಿನಂತೆ ಮಾಡಿದಳು.

"ಅದ್ಯಾಕ್ ಬಿಟ್ಟೆ?" ಚಿಕ್ಕಮಾದಪ್ಪನಿಗೆ ಕೇಳದೆ ಇರಲಾಗಲಿಲ್ಲ.

"ಅವಕ್ಕೂ ಮಕ್ಳವೆ ಬುದ್ದಿ. ಪೂರ್ತಿ ಬಾಚ್ಕಳಕೆ ನಾನೇನು ನೀವಾ?"

"ನಾಳೀಕೆ ನನ್ ಗದ್ದೇಗೆ ಕಾಲಿಕ್ಕು, ಮುರೀತೀನಿ."

"ನಾಳೀಕೆ ನಾನೊಬ್ಳೇ ಬರಕಿಲ್ಲ. ನಮ್ಮ್ ಬೀದಿ ಎಂಗುಸ್ರೆಲ್ಲ ಗುದ್ದಲಿ ತತ್ತರೆ. ಎಷ್ಟು ಕಾಲು ಅಂತ ಮುರೀತೀರಿ?"

ಮನೆಗೆ ಬಂದು ತೆನೆ ತುಳಿದು, ಒನಕೆಯಲ್ಲಿ ಕುಟ್ಟಿ, ಕೇರಿ, ಒಲೆಗಿಟ್ಟಳು. ಪಡುವಣದ ಕಡೆ ಹೊತ್ತು ಇನ್ನೂ ಒಂದು ಮಾರು ಇರುವಾಗಲೇ ತಟ್ಟೆಯಲ್ಲಿ ಅನ್ನ ಹೊಗೆಯಾಡುತ್ತಿತ್ತು. ಪುಷ್ಪ ಕೈಯಿಟ್ಟವಳು ತಡೆದಳು.

"ಇಲಿ ಎಂಜ್ಲಲ್ವಾ ಅತ್ತೇ?"

"ಉಣ್ಣು ಮಗಾ. ಗದ್ದೆ ಒಡೇರ ಎಂಜ್ಲು ಎಷ್ಟು ವರ್ಸ ಉಂಡಿಲ್ಲ ನಾವು."

ಪುಷ್ಪ ಉಂಡಳು. ತಟ್ಟೆ ಬರಿದಾಗುವವರೆಗೆ ತಲೆ ಎತ್ತಲಿಲ್ಲ.