ಒಂದು ಗೇಣು ದಾರ

ರೊಟ್ಟಿಯ ಅಂಚು ಕಾಣುತ್ತದೆ, ಅಂಚಿನ ಬಿರುಕೂ ಕಾಣುತ್ತದೆ, ನಡುವೆ ಮಾತ್ರ ಹೊಗೆ ಕುಳಿತಂತೆ ಒಂದು ಮಸುಕು — ಹೊಗೆಯೇ ಇರಬೇಕು, ಕರುಣಾ ಒದ್ದೆ ಬಟ್ಟೆಯಿಂದ ರೊಟ್ಟಿಯ ಬೆನ್ನಿಗೆ ನೀರು ಸವರುತ್ತಾಳೆ, ಯಾವಾಗ ತಿರುವಬೇಕೆಂದು ವಾಸನೆಯೇ ಹೇಳುತ್ತದೆ, ರೊಟ್ಟಿಗೆ ಮೂಗು ಸಾಕು, ಹಿಟ್ಟಿಗೆ ಬೆರಳು ಸಾಕು, ಸಾರಿಗೆ ನಾಲಿಗೆ ಸಾಕು, ಕಣ್ಣು ಯಾತಕ್ಕೆ ಬೇಕು ಈ ಅಡಿಗೆಮನೆಯಲ್ಲಿ — ಅವ್ವಾ, ಲಗೂ ಬಾ, ಹಿತ್ತಲಿನಿಂದ ಲುಂಬಿನಿ ಕೂಗುತ್ತಾಳೆ, ನಿಂಬಿ ಗಿಡದಾಗಿನ ಪಾತರಗಿತ್ತಿ ಗೂಡು ಕರ್ರಗಾಗ್ಯದ, ಒಳಗ ರೆಕ್ಕಿ ಕಾಣಾಕತ್ತಾವ, ಕ್ಯಾಮೆರಾ ತಗೊಂಡ್ ಬಾ — ಬಂದೆ ಬಂದೆ, ಹೆಂಚಿನ ಮೇಲಿನದನ್ನು ತಿರುವಿ, ಒಲೆ ಸಣ್ಣಗೆ ಮಾಡಿ, ಕೈಯ ಹಿಟ್ಟು ಸೆರಗಿಗೆ ಒರಸಿ, ಹಾಲಿನ ಪಾತ್ರೆ ಎಡಕ್ಕೆ, ನೀರಿನ ತಂಬಿಗೆ ಬಲಕ್ಕೆ, ಯಾವುದೂ ಜಾಗ ಬಿಟ್ಟಿಲ್ಲ, ಒಂಬತ್ತು ವರ್ಷದ ಹುಡುಗಿ ಈಚೆಗೆ ಪಾತ್ರೆಗಳನ್ನು ಇಟ್ಟಲ್ಲೇ ಇಡುತ್ತಾಳೆ, ಹೇಳದೆಯೇ, ಯಾಕೋ — ಕಟ್ಟೆಯ ಮೇಲೆ ಕುಳಿತ ಅತ್ತೆ ಅನಸುಬಾಯಿ ನಗುತ್ತಾರೆ, ಹೋಗವ್ವಾ ಹೋಗು, ಹುಳಕ್ಕ ಫೋಟೋ, ಹಲ್ಲಿಗೆ ಫೋಟೋ, ಈ ಮುದುಕಿಗೆ ಒಂದು ಫೋಟೋ ಇಲ್ಲ, ನಾ ಸತ್ತ ಮ್ಯಾಲ ಗ್ವಾಡಿಗೆ ಹಲ್ಲೀನ ತೂಗಹಾಕ್ತೀರೇನು — ನಿಮಗೂ ತೆಗಿತೀನಿ ಅತ್ತಿ, ನೀವು ಸುಮ್ಮ ಕುಂದ್ರಂಗಿಲ್ಲಲ್ರಿ, ಹುಳ ಸುಮ್ಮ ಕುಂದ್ರತದ.

ಕ್ಯಾಮೆರಾ ಇರುವುದು ಬುದ್ಧನ ಪಟದ ಕೆಳಗಿನ ಹಲಗೆಯ ಮೇಲೆ, ಪಟವನ್ನು ಅವಳು ನೇರ ನೋಡುವುದಿಲ್ಲ, ಪಂಚಮಿಯ ಆಸುಪಾಸು ಒಂದು ಬೆಳಿಗ್ಗೆ ಮೇಣದ ಬತ್ತಿ ಹಚ್ಚಿ ಕೈಮುಗಿದು ನೋಡಿದಾಗ ಮುಖ ಇರಲಿಲ್ಲ, ಸುತ್ತಲಿನ ಪ್ರಭೆ ಇತ್ತು, ಹೆಗಲ ಮೇಲಿನ ಕಾವಿ ಇತ್ತು, ನಡುವಿನ ಮುಖವನ್ನು ಯಾರೋ ಹೆಬ್ಬೆರಳಿನಿಂದ ಒರಸಿಬಿಟ್ಟ ಹಾಗೆ — ಗಾಜಿಗೆ ಧೂಳು ಕೂತಿದೆ ಎಂದು ಒರಸಿದ್ದಳು, ಮತ್ತೆ ಒರಸಿದ್ದಳು, ಶಹಾಬಾದದಲ್ಲಿ ಎಲ್ಲದಕ್ಕೂ ಧೂಳೇ ಕಾರಣ, ಕಲ್ಲಿನ ಗಣಿಯ ಧೂಳು, ಫರಸಿ ಕಲ್ಲು ಕೊಯ್ಯುವ ಧೂಳು, ಕೆಮ್ಮಿದರೆ ಧೂಳು, ಅತ್ತರೆ ಧೂಳು, ಗಂಡ ದೇವಿಂದ್ರನೂ ಅದನ್ನೇ ಅಂದ, ವಾಡಿ ಸ್ಟೇಷನ್ನಿನಲ್ಲಿ ರಾತ್ರಿಪಾಳಿ ಮುಗಿಸಿ ಬಂದು ಅರೆನಿದ್ದೆಯಲ್ಲಿ, ಧೂಳ ಬಿದ್ದಿರ್ತದ, ಗುಲಾಬ್ ಪಾನಿ ಹಾಕ್ಕೊಂಡು ಮಲಕೋ, ಹಾಕಿಕೊಂಡಳು, ತಂಪಾಯಿತು, ಮುಖ ಮಾತ್ರ ಬರಲಿಲ್ಲ. ಕ್ಯಾಮೆರಾದ ಪಟ್ಟಿ ಕೊರಳಿಗೆ ಬಿದ್ದಾಗ ಆ ಹಳೆಯ ಭಾರ, ಹಾಜಿಮಲಂಗ್ ಚಾಚಾ ಸ್ಟುಡಿಯೋ ಮುಚ್ಚುವಾಗ ಕೊಟ್ಟ ಭಾರ, ಮದುವೆಗೆ ಮೊದಲು ಆ ಸ್ಟುಡಿಯೋದಲ್ಲಿ ಕುಳಿತು ಫೋಟೋಗಳ ಬಿಳಿ ಚುಕ್ಕೆಗಳನ್ನು ಸಣ್ಣ ಕುಂಚದಿಂದ ತುಂಬುತ್ತಿದ್ದಳು, ನಿನ್ನ ಕಣ್ಣು ಕಣ್ಣಲ್ಲ ಬೇಟಿ, ಸೂಜಿ ಅದ ಸೂಜಿ, ಎಂದು ಚಾಚಾ ಗಿರಾಕಿಗಳ ಮುಂದೆ ಅನ್ನುತ್ತಿದ್ದರು — ರೀಲಿನ ಕ್ಯಾಮೆರಾ ಯಾಕೆ ಇನ್ನೂ, ಮೊಬೈಲ್ ಇಲ್ಲವೇ ಎಂದು ಎಲ್ಲರೂ ಕೇಳುತ್ತಾರೆ, ಮೊಬೈಲ್ ಆ ಕ್ಷಣಕ್ಕೇ ತೋರಿಸಿಬಿಡುತ್ತದೆ, ರೀಲು ಹಾಗಲ್ಲ, ಚಾಚಾ ತಮ್ಮ ಬಚ್ಚಲಮನೆಯ ಕತ್ತಲಲ್ಲಿ ತೊಳೆಯುವ ತನಕ ಒಳಗಿನ ಫೋಟೋಗಳೆಲ್ಲ ಚೆಂದ, ಎಲ್ಲವೂ ಸ್ಪಷ್ಟ, ಯಾರೂ ಸುಳ್ಳು ಹೇಳಬೇಕಾಗಿಲ್ಲ, ತನಗೆ ತಾನೂ.

ಹಿತ್ತಲಿಗೆ ಎರಡು ಮೆಟ್ಟಿಲು, ಕಾಲಿಗೆ ಗೊತ್ತು, ಸುತ್ತ ಆಳುದ್ದ ನಿಲ್ಲಿಸಿದ ಫರಸಿ ಕಲ್ಲಿನ ಬೇಲಿ, ಅದರ ನೆರಳಿನಲ್ಲಿ ನಿಂಬೆ, ಕರಿಬೇವು, ಬಸಳೆ, ಈ ಬೇಲಿಯೊಳಗೇ ಅವಳ ಕಾಡು, ಚಂದ್ರಂಪಳ್ಳಿಯ ಕೆರೆ ದಂಡೆಗೆ ಹಕ್ಕಿ ನೋಡಲು ಹೋಗುವವರು ಹೋಗಲಿ, ಅವಳಿಗೆ ಇರುವೆಯ ಮೀಸೆ ಸಾಕು, ಜೇಡನ ಕಣ್ಣುಗಳ ಸಾಲು ಸಾಕು — ಮೊದಲಾದರೆ ಲೆನ್ಸಿಗೆ ದಾರ ಕಟ್ಟಬೇಕಿರಲಿಲ್ಲ, ಹುಳ ದೊಡ್ಡದಾಗಿ ಕಾಣಲೆಂದು ಲೆನ್ಸಿನ ಹಿಂದೆ ಬಳೆಯಂಥ ಉಂಗುರ ಸಿಕ್ಕಿಸಿದ ಮೇಲೆ ಸ್ಪಷ್ಟ ಕಾಣುವ ದೂರ ಒಂದೇ, ತಿರುವುವುದೇನೂ ಇಲ್ಲ, ಮೈಯನ್ನೇ ಹಿಂದೆ ಮುಂದೆ ತೂಗಬೇಕು, ಗಾಳಿಗೆ ಜೋಳದ ತೆನೆ ತೂಗುವಷ್ಟು, ಉಸಿರು ಹಿಡಿದು, ಆಗ ಮಂಜಿನೊಳಗಿಂದ ಹುಳದ ಕಾಲಿನ ಕೂದಲು ಒಂದೊಂದೇ ಎದ್ದು ಬರುತ್ತಿತ್ತು, ಆ ಕೂದಲು ಬಂದ ಕ್ಷಣ ಒತ್ತಬೇಕು, ಅದೊಂದು ಸುಖ, ಯಾರಿಗೂ ಹೇಳಲಾಗದ್ದು — ದೀಪಾವಳಿಯ ನಂತರದ ರೀಲಿನಲ್ಲಿ ಒಂದೂ ಕೂದಲಿರಲಿಲ್ಲ, ಚಾಚಾ ನೆಗೆಟಿವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು, ಕ್ಯಾಮೆರಾ ಬಿಟ್ಟು ಹೋಗು ಬೇಟಿ, ಲೆನ್ಸಿಗೆ ಬೂಷ್ಟು ಬಂದಿರಬೇಕು, ವಾರದ ನಂತರ ಹೋದಾಗ, ಲೆನ್ಸ್ ಏಕದಂ ಸಾಫ್ ಅದ, ಎಂದು ಅವಳ ಮುಖ ನೋಡದೆ ಹೇಳಿ, ಒಂದು ಗೇಣು ದಾರವನ್ನು ಲೆನ್ಸಿನ ಬಾಯಿಗೆ ಕಟ್ಟಿ ಕೊಟ್ಟರು, ದಾರ ಎಲ್ಲಿ ಮುಟ್ಟತದೋ ಅಲ್ಲಿ ಫೋಟೋ ಸಾಫ್ ಬರ್ತದ, ಮುಟ್ಟಿಸು, ಒತ್ತು, ನಾ ಮುದುಕಾದ ಮ್ಯಾಲ ಹಿಂಗೇ ಮಾಡೀನಿ — ಮುದುಕಾದ ಮೇಲೆ, ಚಾಚಾ, ನನಗಿನ್ನೂ ಮೂವತ್ತಾರು. ತನ್ನ ಅವ್ವನಿಗೂ ಆಗ ಇದೇ ವಯಸ್ಸಿರಬೇಕು, ತವರೂರು ಕುರಕುಂಟಾದ ಓಣಿಯಲ್ಲಿ ಹೆಂಗಸರು ನಗುತ್ತಿದ್ದರು, ವಿಮಲಾಬಾಯಿ ಕೋಳಿಯಂಗ ನೋಡ್ತಾಳ ನೋಡ್ರೇ, ಕತ್ತು ಹೊಳ್ಳಿಸಿ ಒಂದೇ ಕಣ್ಣಿಲೆ, ಅವ್ವ ತಾನೂ ನಗುತ್ತಿದ್ದಳು, ಕಲಬುರ್ಗಿಯ ಕಣ್ಣಿನ ಡಾಕ್ಟರರ ಬಳಿ ಕರೆದೊಯ್ದಾಗ ಬಹಳ ತಡವಾಗಿತ್ತು, ಅವರು ಚೀಟಿಯ ಮೇಲೆ ಬರೆಯುವುದನ್ನು ನಿಲ್ಲಿಸಿ ಹೇಳಿದ್ದರು, ಇದು ರಕ್ತದಾಗ ಬರ್ತದಮ್ಮ, ನೀವೂ ತೋರಿಸ್ಕೋರಿ, ಮಗಳಿದ್ರ ಮಗಳಿಗೂ ತೋರಿಸ್ರಿ, ಮೊದಲೇ ಗೊತ್ತಾದ್ರ ಛಲೋ — ಲುಂಬಿನಿ ಆಗ ಹೊಟ್ಟೆಯಲ್ಲಿದ್ದಳು. ತಾನು ತೋರಿಸಿಕೊಂಡರೆ ಮಗಳನ್ನೂ ಆ ಕುರ್ಚಿಯಲ್ಲಿ ಕೂರಿಸಬೇಕು, ಆ ಬೆಳಕನ್ನು ಆ ಎಳೆಗಣ್ಣಿಗೂ ಬಿಡಿಸಬೇಕು, ಅದಕ್ಕೇ ಇಷ್ಟು ದಿನ ಹೋಗಿಲ್ಲ, ಅದಕ್ಕೇ ಆಟದ ನೆವದಲ್ಲಿ ಕೇಳುವುದು, ಆ ಎಲಿ ಮ್ಯಾಲ ಎಷ್ಟು ಇರುವಿ ಅದಾವ ಹೇಳು, ಈ ಸೂಜಿಗೆ ದಾರ ಪೋಣಿಸು, ಹುಡುಗಿ ಪಟ್ಟನೆ ಪೋಣಿಸಿದರೆ ಅವಳಿಗೆ ಆ ಇಡೀ ದಿನ ಹಬ್ಬ.

ಅವ್ವ, ಇಲ್ಲಿ, ಈ ಟೊಂಗಿ, ಲುಂಬಿನಿ ದಾರದ ತುದಿ ಹಿಡಿದು ಬಗ್ಗಿದ್ದಾಳೆ, ಗೂಡು ಬಿರಿಯಾಕತ್ತದ, ಹೊರಗ ತೆಲಿ ಹಾಕ್ತು — ಕರುಣಾ ಮಂಡಿಯೂರುತ್ತಾಳೆ, ಒದ್ದೆ ಮಣ್ಣಿನ ತಂಪು, ನಿಂಬೆ ಎಲೆಯ ಘಾಟು, ಕ್ಯಾಮೆರಾದ ಕಿಂಡಿಗೆ ಕಣ್ಣಿಡುತ್ತಾಳೆ, ಸುತ್ತ ಹಸಿರು, ಮುಳ್ಳು, ನಡುವೆ ಆ ಹೊಗೆ, ಹುಟ್ಟುತ್ತಿರುವುದು ಆ ಹೊಗೆಯೊಳಗೆಲ್ಲೋ ಇದೆ, ದಾರ ಮುಟ್ಟಿತೇನು ಲುಂಬಿ, ಹೂಂ ಮುಟ್ಯದ, ಒತ್ತುತ್ತಾಳೆ, ಖಟ್ — ಹೊರಗ ಬಂತು, ಗೂಡಿಗೆ ಜೋತು ಬಿದ್ದದ, ರೆಕ್ಕಿ ಮುದುಡಿಕೊಂಡಾವ, ಒದ್ದೆ ಅರಬಿ ಹಿಂಡಿದಂಗ, ರೀಲು ಮುಂದೆ ಸರಿಸಿ ಮತ್ತೆ ಖಟ್, ಮುದುಡಿದ ರೆಕ್ಕೆಗೆ ರಕ್ತ ತುಂಬುವುದನ್ನು ಅವಳು ಎಷ್ಟು ಸಲ ನೋಡಿದ್ದಾಳೆ, ನೆನಪಿನಿಂದಲೇ ನೋಡಬಲ್ಲಳು, ಈಗ ಅಂಚು ಬಿಚ್ಚುತ್ತದೆ, ಈಗ ಹಳದಿ ಚುಕ್ಕೆ, ಈಗ ಬಾಲದ ಹತ್ತಿರ ಆ ಕೆಂಪು, ಖಟ್, ಭಾಳ ಛಂದ ಅದ ಲುಂಬಿ, ಎಷ್ಟು ಛಂದ ಅಗಲಿಸ್ಯದ ನೋಡು, ಖಟ್ — ಒಳಗಿನಿಂದ ಅನಸುಬಾಯಿ, ಏ ಕರುಣಾ, ರೊಟ್ಟಿ ಹೊತ್ತಿ ಇದ್ದಲಿ ಆಯ್ತು, ಫೋಟೋದಾಗಿನ ಹುಳ ಉಣ್ತೀರೇನು ಇವತ್ತ — ಬಂದೆರಿ ಅತ್ತಿ, ಇನ್ನೊಂದೇ, ಲುಂಬಿ, ದಾರ ಸರಿ ಹಿಡಿ, ಎಲ್ಲಿ ಹಿಡದಿ — ಅವ್ವ, ಹುಡುಗಿಯ ದನಿ ಬಹಳ ಸಣ್ಣಗಿದೆ, ಅದು ಇಲ್ಲಿಲ್ಲ, ಆಗಲೇ ಮ್ಯಾಲ ಏರಿ ಹೋತು, ಬ್ಯಾಲಿ ಕಲ್ಲಿನ ಮ್ಯಾಲ ಕುಂತದ, ಇದು ಬರೇ ಗೂಡು. ನೀ ಬರೇ ಗೂಡಿಂದು ತೆಗಿಯಾಕತ್ತಿದ್ದಿ.

ನನಗೂ ಅದೇ ಬೇಕಿತ್ತು, ಖಾಲಿ ಗೂಡೇ ಬೇಕಿತ್ತು, ಎನ್ನುವ ಮಾತು ನಾಲಿಗೆಯ ತನಕ ಬರುತ್ತದೆ, ಧೂಳು ಬಿತ್ತು ಎನ್ನುವ ಮಾತೂ ಬರುತ್ತದೆ, ಎಷ್ಟು ಮಾತು ಸಿದ್ಧವಾಗಿವೆ, ಅವ್ವನ ನಗುವೂ ತುಟಿಗೆ ಬರುತ್ತದೆ, ಆ ಓಣಿಯ ನಗು — ಕಿಂಡಿಯಿಂದ ಕಣ್ಣು ತೆಗೆಯಲಾಗುವುದಿಲ್ಲ, ತೆಗೆದರೆ ಮಗಳ ಎದುರು ಕತ್ತು ಹೊರಳಿಸಬೇಕು, ಕೋಳಿಯ ಹಾಗೆ, ಆಗ ಗೊತ್ತಾಗಿಬಿಡುತ್ತದೆ, ಅಷ್ಟರಲ್ಲಿ ಕಿಂಡಿಯೊಳಗಿನ ಹಸಿರು ಸರಿಯುತ್ತದೆ, ಲುಂಬಿನಿ ಗಿಡಕ್ಕೂ ಕ್ಯಾಮೆರಾಕ್ಕೂ ನಡುವೆ ಬಂದು ಕುಳಿತಿದ್ದಾಳೆ, ದಾರ ಮೆಲ್ಲಗೆ ಬಿಗಿಯಾಗುತ್ತದೆ, ಅದರ ತುದಿಯನ್ನು ಅವಳು ತನ್ನ ಮೂಗಿನ ತುದಿಗೆ ಹಚ್ಚಿಕೊಂಡಿರಬೇಕು, ಅವಳ ಉಸಿರು ದಾರದ ಗುಂಟ ಬಂದು ಕರುಣಾಳ ಬೆರಳಿಗೆ ತಾಗುತ್ತದೆ, ಒಂದು ಗೇಣು ದೂರ, ಚಾಚಾ ಹೇಳಿದ ದೂರ, ಎಲ್ಲ ಸ್ಪಷ್ಟವಿರಬೇಕಾದ ದೂರ, ಎಡಕ್ಕೆ ಒಂದು ಜಡೆ, ಬಲಕ್ಕೆ ಒಂದು ಜಡೆ, ಎರಡಕ್ಕೂ ಕೆಂಪು ರಿಬ್ಬನ್, ನಡುವೆ ಏನೂ ಇಲ್ಲ — ಎಡಕ್ಕೆ ಜಡೆ, ಬಲಕ್ಕೆ ಜಡೆ, ನಡುವೆ —

ಅವ್ವ, ನಿನಗ ನನ್ನ ಮಾರಿ ಕಾಣಾಕತ್ತದೇನು?