ಬೆಲ್ಲನಿಗೆ ತಂದ ಬೆಳಕು

ಆಷಾಢದ ಗಾಳಿಗೆ ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಮತ್ತೆ ಬಂದಾಗ ಬೆಲ್ಲನ ಪೆಟ್ಟಿಗೆಯ ಉದ್ದನೆ ಟ್ಯೂಬು ಟಪ್ಪೆಂದು ಸುಟ್ಟಿತು. ಪಕ್ಕದ ಕಾವಿನ ಬಲ್ಬು ಮಾತ್ರ ತನಗೇನೂ ಸಂಬಂಧವಿಲ್ಲದಂತೆ ಉರಿಯುತ್ತಲೇ ಇತ್ತು.

ಬೆಲ್ಲ ಎಂದರೆ ನನ್ನ ಮಗಳು ಚೈತನ್ಯ ಸಾಕಿದ ಓತಿ. ನಮ್ಮ ಬೇಲಿಯ ಮೇಲೆ ಕತ್ತು ಕುಣಿಸುವ ಜಾತಿಯದಲ್ಲ. ಆಸ್ಟ್ರೇಲಿಯಾದ ಮರಳುಗಾಡಿನದು, ಬಿಯರ್ಡೆಡ್ ಡ್ರ್ಯಾಗನ್ ಎಂದು ಹೆಸರು. ಗಂಟಲ ಕೆಳಗೆ ಮುಳ್ಳುಮುಳ್ಳು ಗಡ್ಡ, ಮೈಗೆ ಹೊಸ ಬೆಲ್ಲದ ಬಣ್ಣ. ಇನ್ನೂ ಮರಿ, ಬಾಲ ಬಿಟ್ಟರೆ ಉಳಿದದ್ದೆಲ್ಲ ಅಂಗೈಯಲ್ಲಿ ಹಿಡಿಸುತ್ತಿತ್ತು. ನನ್ನ ತಮ್ಮ ವೆಂಕಟ್ ಅವಳ ಹುಟ್ಟುಹಬ್ಬಕ್ಕೆಂದು ಬೆಂಗಳೂರಿನಿಂದ ಪೆಟ್ಟಿಗೆ ಸಮೇತ ತಂದುಕೊಟ್ಟಿದ್ದ. ಪ್ಲೈವುಡ್ಡಿನ ಪೆಟ್ಟಿಗೆ, ಮುಂದುಗಡೆ ತಂತಿ ಜಾಲರಿ.

"ಬಲ್ಬು ಕಾವಿಗೆ, ಟ್ಯೂಬು ಮೂಳೆಗೆ," ಎಂದು ಅವಳನ್ನು ಕೂರಿಸಿಕೊಂಡು ಪಾಠ ಮಾಡಿದ್ದ. "ಬಿಸಿಲಲ್ಲಿರೋ ಯುವಿ ಆ ಟ್ಯೂಬಲ್ಲಿ ಬರತ್ತೆ. ಅದಿಲ್ದಿದ್ರೆ ಎಷ್ಟು ತಿಂದ್ರೂ ಮೂಳೆ ಮೆತ್ತಗಾಗ್ಬಿಡತ್ತೆ ಕಣೇ. ಕಾಲು ನಡುಗತ್ತೆ, ಆಮೇಲೆ ತೆವಳತ್ತೆ."

"ತಾತನ್ ಥರಾನಾ?"

ನನ್ನ ಮಾವ ದೊಡ್ಡಮುನಿಯಪ್ಪನವರು ಜೀವಮಾನವೆಲ್ಲ ನಮ್ಮೂರ ಫ್ಲೋರೈಡ್ ತುಂಬಿದ ಬೋರ್‌ವೆಲ್ ನೀರು ಕುಡಿದವರು. ಮಂಡಿ ಬಾಗಿದೆ, ಕತ್ತು ತಿರುಗುವುದಿಲ್ಲ. ಹಿಂದೆ ಯಾರಾದರೂ ಕರೆದರೆ ಎತ್ತಿನಗಾಡಿಯ ಹಾಗೆ ಇಡೀ ಮೈಯನ್ನೇ ತಿರುಗಿಸಬೇಕು. ಮೂಳೆ ಎಂದರೆ ಚೈತನ್ಯಳಿಗೆ ತಾತನೇ ಕಣ್ಣ ಮುಂದೆ ಬರುತ್ತಾರೆ.

ಹೊಸ ಟ್ಯೂಬು ಕೋಲಾರದಲ್ಲಿ ಸಿಗಲಿಲ್ಲ. ವೆಂಕಟ್ ಬರುವುದು ಮುಂದಿನ ತಿಂಗಳು. ಬಿಸಿಲಿಗಾದರೂ ಇಡೋಣವೆಂದರೆ ನಮ್ಮೂರು ಸುಗಟೂರಿನ ಮೇಲೆ ಮೋಡ ಮುಸುಕು ಹಾಕಿಕೊಂಡು ಮಲಗಿತ್ತು. ವಾರ ಕಳೆಯುವಷ್ಟರಲ್ಲಿ ಬೆಲ್ಲನ ಹಿಂಗಾಲು ಸಣ್ಣಗೆ ನಡುಗತೊಡಗಿತು. ಚೈತನ್ಯ ಶಾಲೆಯಿಂದ ಬಂದವಳೇ ಚೀಲ ಎಸೆದು ಜಾಲರಿಗೆ ಮುಖ ಒತ್ತಿ ಕೂರುತ್ತಿದ್ದಳು. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ.

ನಮ್ಮತ್ತೆ ಮುನಿಶಾಮಮ್ಮನಿಗೆ ಅದನ್ನು ಕಂಡರೆ ಮೊದಲಿನಿಂದಲೂ ಆಗದು. ನಮ್ಮದು ರೇಷ್ಮೆ ಹುಳ ಮೇಯಿಸುವ ಮನೆ; ಹಲ್ಲಿ, ಓತಿ, ಇಲಿ, ಇರುವೆ ಎಲ್ಲ ಹುಳದ ಶತ್ರುಗಳೇ. "ಹುಳ ಮೇಯ್ಸೋ ಮನೇಲಿ ತೊಂಡ ಸಾಕ್ತಾರಂತೆ ತೊಂಡ! ಕೋಳಿಗೂಡಲ್ಲಿ ಮುಂಗುಸಿ ಕಟ್ಟಾಕ್ದಂಗೆ," ಎನ್ನುತ್ತಿದ್ದರು. ಅವರ ಬಾಯಲ್ಲಿ ಓತಿ ಯಾವತ್ತೂ ತೆಲುಗಿನ ತೊಂಡವೇ.

ಶನಿವಾರ ಸಂಜೆ ನನ್ನ ಗಂಡ ಕಾಂತರಾಜ್ ಹಳೇ ಬನಿಯನ್ನಿನಲ್ಲಿ ಸುತ್ತಿದ ಉದ್ದನೆಯ ವಸ್ತು ಹಿಡಿದು ಬಂದರು. ಊರೂರಿನ ಕುಡಿಯುವ ನೀರಿನ ಘಟಕಗಳ ರಿಪೇರಿ ಅವರ ಕೆಲಸ. ಮುಳಬಾಗಿಲು, ಶ್ರೀನಿವಾಸಪುರ ಎಂದು ದಿನವೆಲ್ಲ ಬೈಕಿನಲ್ಲೇ ಇರುತ್ತಾರೆ.

"ಯುವಿ ಯುವಿ ಅಂತ ಅಳ್ತಿದ್ಯಲ್ಲ, ತಗೋ," ಎಂದು ಮಗಳ ಮುಂದೆ ಬನಿಯನ್ ಬಿಚ್ಚಿದರು. ಒಳಗೊಂದು ತೆಳ್ಳನೆಯ ಗಾಜಿನ ದೀಪ. "ನೀರಿನ ಮಿಷನ್ನಿಂದು. ಸಕಲ ಕ್ರಿಮೀನೂ ಇದರ ಕೆಳಗೆ ಬದುಕಲ್ಲ. ನಿಮ್ಮ ವೆಂಕಟ್ ಮಾವ ತಂದಿದ್ದು ಇದರ ಮುಂದೆ ಮಿಣುಕುಹುಳ."

"ರೀ, ಅದೂ ಇದೂ ಒಂದೇನಾ? ವೆಂಕಟ್‌ಗೊಂದು ಫೋನ್ ಮಾಡಿ ಕೇಳ್ರಿ," ಎಂದೆ.

"ಯುವಿ ಅಂದ್ರೆ ಏನು ಅಂತ ಅವನ ಹತ್ರ ಕಲೀಬೇಕಾ ನಾನು? ಹತ್ತೂರಿಗೆ ನೀರು ಕುಡಿಸ್ತಿರೋನು ಕಣೇ." ಮಗಳ ಕಡೆ ತಿರುಗಿ, "ನೆಟ್ಟು ನೋಡ್ಬಾರ್ದು ಮಾತ್ರ. ಗೊತ್ತಾಯ್ತಾ?" ಎಂದರು.

ಅವಳು ತಲೆಯಾಡಿಸಿದಳು. ಆಗ ಏನು ಹೇಳಿದ್ದರೂ ಆಡಿಸುತ್ತಿದ್ದಳು.

ಪೆಟ್ಟಿಗೆಯೊಳಗೆ, ಸುಟ್ಟ ಟ್ಯೂಬಿನ ಜಾಗದಲ್ಲಿ ದೀಪ ಹತ್ತಿತು. ತಿಳಿ ನೀಲಿ ಬೆಳಕು, ಕಣ್ಣಿಗೆ ತಂಪಾಗಿಯೇ ಕಂಡಿತು. ಆದರೆ ಸ್ವಲ್ಪ ಹೊತ್ತಿಗೆ ಪಡಸಾಲೆಯಲ್ಲಿ ಏನೋ ವಾಸನೆ. ಹುಳದ ಕೋಣೆ ತೊಳೆಯುವಾಗ ಬರುವ ಬ್ಲೀಚಿಂಗ್ ಪುಡಿಯ ವಾಸನೆಯಂತೆ, ಸಿಡಿಲು ಹೊಡೆದ ಮರದ ಹತ್ತಿರ ನಿಂತಂತೆ. "ಕ್ರಿಮಿ ಸಾಯೋ ವಾಸನೆ ಅದು," ಎಂದರು ಕಾಂತರಾಜ್. ಆ ಮಾತು ನನಗೆ ಹಿಡಿಸಲಿಲ್ಲ. ಹಾಲು ಕರೆಯುವುದು ಬಾಕಿಯಿತ್ತು, ಎದ್ದು ಹೋದೆ.

ಭಾನುವಾರವಿಡೀ ಅವಳು ಪೆಟ್ಟಿಗೆಯ ಮುಂದೆಯೇ ಇದ್ದಳು. ಹೋಂವರ್ಕು ಅಲ್ಲೇ, ತಟ್ಟೆಯೂ ಅಲ್ಲೇ. "ಅಮ್ಮ, ಬೆಲ್ಲ ಕಣ್ಮುಚ್ಕೊಂಡು ಕೂತಿದೆ. ಸುಖ ಆಗ್ತಿದೆ ಅಲ್ವಾ ಅದಕ್ಕೆ?" ಎಂದಳು. ಬೆಲ್ಲ ಕಟ್ಟಿಗೆಯ ತುಂಡಿನ ಹಿಂದೆ ತೂರಿಕೊಳ್ಳಲು ನೋಡುತ್ತಿತ್ತು. ಅವಳು ಪ್ರತಿ ಸಲವೂ ಕೈ ಹಾಕಿ, ಅದನ್ನು ಮೆಲ್ಲಗೆ ಎತ್ತಿ, ಮತ್ತೆ ದೀಪದ ಕೆಳಗೇ ಇಡುತ್ತಿದ್ದಳು.

ಮಧ್ಯಾಹ್ನ ಅತ್ತೆ ಹುಳದ ಕೋಣೆಯಿಂದ ಕೂಗಿದರು. "ಏಮೇ, ಇಲ್ಲಿ ಬಾ!"

ಹುಳ ಮೂರನೇ ಜ್ವರ ಎದ್ದಿದ್ದವು, ಅಂದರೆ ಪೊರೆ ಬಿಟ್ಟು ಹಸಿದಿದ್ದವು. ಹಾಕಿದ ಸೊಪ್ಪನ್ನು ಮಳೆ ಹುಯ್ದ ಹಾಗೆ ಸದ್ದು ಮಾಡಿ ತಿನ್ನಬೇಕಾದ ಹೊತ್ತು. ಆದರೆ ಬಾಗಿಲಿಗೆ ಎದುರಾಗಿದ್ದ ತಟ್ಟೆಯಲ್ಲಿ ಅರ್ಧ ಭಾಗ ಸೊಪ್ಪು ಹಾಗೇ ಬಿದ್ದಿತ್ತು. ಹುಳಗಳೆಲ್ಲ ಆಚೆ ಅಂಚಿಗೆ ಹೋಗಿ ಒಂದರ ಮೇಲೊಂದು ಬಿದ್ದಿದ್ದವು. ಬಾಗಿಲಾಚೆ, ನೇರಕ್ಕೆ, ಪೆಟ್ಟಿಗೆಯ ನೀಲಿ.

"ಹುಳ ಬೆನ್ನು ತಿರುಗ್ಸಿದಾವೆ, ನೋಡು. ಆ ದೀಪ ಆರ್ಸು."

"ಹುಳಕ್ಕೆ ಬೆಳಕು ಆಗ್ಬರಲ್ಲ ಅತ್ತೆ, ಮೊದಲಿಂದಲೂ ಹಂಗೇ ಅಲ್ವಾ?" ಎಂದು ಬಾಗಿಲಿಗೆ ಗೋಣಿತಟ್ಟು ಇಳಿಬಿಟ್ಟೆ. ಹುಳಕ್ಕೆ ನೆರಳಾಯಿತು. ತಟ್ಟಿನ ಈಚೆ ಕಡೆ ನನ್ನ ಮಗಳಿದ್ದಳು.

ಸೋಮವಾರ ಹಾಲು ಕರೆಯಲೆಂದು ಏಳುವಷ್ಟರಲ್ಲಿ ಅವಳ ಕಿರುಚಾಟ ಕೇಳಿತು. "ಅಮ್ಮ, ಕಣ್ಣಲ್ಲಿ ಮಣ್ಣು! ಯಾರೋ ಮಣ್ಣು ಹಾಕವ್ರೆ! ತೆಗಿಯಮ್ಮ!" ಮುಖ ಕೆಂಡದಂತೆ ಕೆಂಪಾಗಿತ್ತು, ರೆಪ್ಪೆಗಳು ಊದಿ ಅಂಟಿಕೊಂಡಿದ್ದವು. ತಣ್ಣೀರು ಹಾಕಿದರೂ ಒದ್ದಾಡಿದಳು. ಕಾಂತರಾಜ್ ಅವಳನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು. ಹೋಗಿ ದೀಪದ ತಂತಿಯನ್ನೇ ಕಿತ್ತರು.

ಕೋಲಾರದಲ್ಲಿ ಕಣ್ಣಿನ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ: "ವೆಲ್ಡಿಂಗ್ ನೋಡಿದ್ಲಾ?" ವಿಷಯ ತಿಳಿದ ಮೇಲೆ ಪೆನ್ನು ಕೆಳಗಿಟ್ಟರು. "ಬಿಸಿಲಿನ ಯುವಿ ಬೇರೆ, ನೀರಿನ ಮಿಷನ್ ಒಳಗಿರೋದು ಬೇರೆ ಕಣ್ರಿ. ಅದು ಕೊಲ್ಲೋಕೇ ಇರೋದು. ಉಕ್ಕಿನ ಕೊಳವೆ ಒಳಗೆ ಮುಚ್ಚಿಟ್ಟಿರೋದು ಯಾಕೆ ಅಂದ್ಕೊಂಡ್ರಿ?" ಪುಣ್ಯಕ್ಕೆ ಕಣ್ಣಿನ ಮೇಲ್ಪದರ ಮಾತ್ರ ಸುಟ್ಟಿದೆ, ಬುಧವಾರದ ಹೊತ್ತಿಗೆ ತೆರೆಯುತ್ತಾಳೆ ಎಂದು ಹನಿಹಾಕುವ ಔಷಧಿ ಕೊಟ್ಟರು.

ಬೆಲ್ಲನನ್ನು ನೋಡುವವರು ಯಾರೂ ಸಿಗಲಿಲ್ಲ. "ತಾಯಿ, ನಂದು ಹಸು, ಎಮ್ಮೆ, ಕುರಿ," ಎಂದು ಪಶುವೈದ್ಯರು ಕೈಮುಗಿದರು. ಅದೂ ಕಣ್ಣು ಮುಚ್ಚಿಯೇ ಇತ್ತು. ರೆಪ್ಪೆಯ ಅಂಚಿನಲ್ಲಿ ಅಂಟು ಒಣಗಿತ್ತು, ತುಟಿಗೆ ನೀರು ಸವರಿದರೆ ಮಾತ್ರ ನೆಕ್ಕುತ್ತಿತ್ತು.

ಮಂಗಳವಾರ ಸಂಜೆಗೆ ಮಗಳ ಊತ ಇಳಿಯಿತು. "ಸ್ವಲ್ಪ ತೆಗಿ ಕಂದ, ನೋಡೋಣ," ಎಂದೆ.

"ಬೆಲ್ಲ ತೆಗೀತಾ?"

"ಇನ್ನೂ ಇಲ್ಲ."

"ಅದು ತೆಗೆದ್ಮೇಲೆ ತೆಗೀತೀನಿ."

ಬೈದೆ, ಮುದ್ದು ಮಾಡಿದೆ. ಕಾಂತರಾಜ್ ಬಾಗಿಲಲ್ಲೇ ನಿಂತು, "ಚೈತೂ, ಅಪ್ಪ ಹೇಳ್ತಿದೀನಿ," ಎಂದರು. ಅವಳು ಗೋಡೆಯ ಕಡೆ ಮಗ್ಗುಲಾದಳು. "ನೀವೇ ತಾನೇ ದೀಪ ತಂದಿದ್ದು," ಎಂದಳು, ಅಷ್ಟೇ. "ನಾನೇ ತಾನೇ ಅದನ್ನ ಎತ್ತಿ ಎತ್ತಿ ಇಟ್ಟಿದ್ದು."

ಬುಧವಾರ ಮೋಡ ಒಡೆದು ಅಂಗಳಕ್ಕೆ ಬಿಸಿಲು ಬಿತ್ತು. ಬೆಲ್ಲನನ್ನು ಚಪ್ಪಡಿಯ ಮೇಲೆ ಇಟ್ಟು ಕೂತೆ. ಕಾಗೆ ಓಡಿಸಲು ಅತ್ತೆ ಕೋಲು ಹಿಡಿದು ಪಕ್ಕಕ್ಕೆ ಬಂದು ಕುಕ್ಕರಿಸಿದರು. ತೊಂಡ ಎನ್ನಲಿಲ್ಲ. ಮೈ ಕಾಯುತ್ತಿದ್ದಂತೆ ರೆಪ್ಪೆ ಅದುರಿತು, ಬಿರುಕು ಬಿಟ್ಟಿತು, ತೆರೆಯಿತು. ಒಳಗೆ ಅಕ್ಕಿ ತೊಳೆದ ನೀರಿನ ಬಣ್ಣ. ಒಂದು ನೊಣ ಅದರ ಮೂಗಿನ ಮೇಲೆ ಕೂತು, ನಡೆದಾಡಿ, ಹಾರಿಹೋಯಿತು. ಬೆಲ್ಲ ಕದಲಲಿಲ್ಲ.

ಒಳಗಿನಿಂದ ಅವಳು ಕೇಳಿದಳು. "ತೆಗೀತಾ ಅಮ್ಮ?"

ಅತ್ತೆ ನನ್ನ ಮುಖ ನೋಡಿದರು.

"ತೆಗೀತು," ಎಂದೆ.

ಗೋಡೆ ಹಿಡಿದುಕೊಂಡು ಹೊಸ್ತಿಲಿಗೆ ಬಂದಳು. ಕೆಂಪು ಕಣ್ಣುಗಳನ್ನು ತೆರೆದಳು. ನೀರು ಸುರಿಯುತ್ತಿದ್ದರೂ ಕೈ ಅಡ್ಡ ಹಿಡಿದು ನೆಟ್ಟಗೆ ಚಪ್ಪಡಿಯ ಹತ್ತಿರ ನಡೆದಳು. ಅವಳ ಅಪ್ಪ ಉಸಿರು ಬಿಟ್ಟದ್ದು ಅಂಗಳದವರೆಗೂ ಕೇಳಿತು.

ಅವಳು ಬೆಲ್ಲನ ಮುಂದೆ ತೋರುಬೆರಳು ಹಿಡಿದಳು. ಎಡಕ್ಕೆ ಸರಿಸಿದಳು. ಬಲಕ್ಕೆ. ತೀರಾ ಹತ್ತಿರ ತಂದು ಮತ್ತೆ ಎಡಕ್ಕೆ. ಬಿಳಿ ಕಣ್ಣು ಎಲ್ಲಿತ್ತೋ ಅಲ್ಲೇ ಇತ್ತು.

ಅಳುತ್ತಾಳೆಂದು ಕಾದೆ. "ತೆಗೀತು ಅಂದ್ಯಲ್ಲಮ್ಮ," ಎಂದು ಅವಳು ನನ್ನ ಕಡೆ ತಿರುಗಿ, ಅದೇ ಬೆರಳನ್ನು ನನ್ನ ಕಣ್ಣ ಮುಂದೆ ತಂದಳು. ಎಡಕ್ಕೆ, ಬಲಕ್ಕೆ. ನನ್ನ ಕಣ್ಣು ಅದರ ಹಿಂದೆಯೇ ಹೋಯಿತು.

ನಂಬಿಕೆ ಬಾರದವಳಂತೆ ಅವಳು ಇನ್ನೊಮ್ಮೆ ಆಡಿಸಿದಳು.