ಸಿಗಡಿಯ ಸಾಲಿನಲ್ಲೊಂದು ಗೆರೆ

ಸಿಗಡಿಯ ಸಾಲಿನಲ್ಲಿ ಗೆರೆ ಮೂಡಿದ್ದು ಅದು ಮೂರನೇ ಸಲ. ಮೂಡಬಾರದಿತ್ತು.

2011ರಲ್ಲಿ ಬ್ರಹ್ಮಾವರದ ಒಂದು ಸಣ್ಣ ಲ್ಯಾಬಿನಲ್ಲಿ ಧನ್ಯಶ್ರೀ ಮಾಡುತ್ತಿದ್ದ ವೆಸ್ಟರ್ನ್ ಬ್ಲಾಟ್ ಎಂದರೆ ಇಷ್ಟೇ: ಮೀನು ಅರೆದು, ಅದರ ಪ್ರೋಟೀನುಗಳನ್ನು ಒಂದೊಂದು ಮೀನಿಗೆ ಒಂದೊಂದು ಸಾಲಿನಂತೆ ಬಿಳಿ ಹಾಳೆಗೆ ಇಳಿಸಿ, ಅಲರ್ಜಿ ತರುವ ಒಂದೇ ಒಂದನ್ನು ಹುಡುಕುವುದು. ಅದು ಇದ್ದಲ್ಲಿ ಕಪ್ಪು ಗೆರೆ. ಬಂಗುಡೆಯಲ್ಲಿ ಇರಬೇಕು, ಸಿಗಡಿಯಲ್ಲಿ ಇರಬಾರದು.

ಮೊದಲ ಸಲ ಗೆರೆ ಕಂಡಾಗ ಅವಳ ಗೈಡ್ ವನಜ ಮೇಡಂ ಕೇಳಿದ್ದರು, "ಸ್ಯಾಂಪಲ್ ಎಲ್ಲಿಯದು?"

"ತಲ್ಲೂರಲ್ಲಿ ಒಬ್ಬರು ಮಾರ್ತಾರೆ ಮೇಡಂ. ಮೀನು ಮಾರುವವರ ಕೈ ಗೊತ್ತಲ್ಲ, ಎಲ್ಲ ಒಂದೇ ಬುಟ್ಟಿಗೆ," ಎಂದುಬಿಟ್ಟಿದ್ದಳು. ಆ ಒಬ್ಬರು ತನ್ನ ಹೆತ್ತ ತಾಯಿ ಬಾಗಿ ಎನ್ನಲು ನಾಲಿಗೆ ಏಳಲಿಲ್ಲ.

ಮನೆಗೆ ಬಂದು, ಸಿಗಡಿಗೆ ಬೇರೆ ಮೀನು ತಾಗಿಸಿದ್ದೀ ಎಂದು ತಾಯಿಯ ಮೇಲೂ ಹಾರಿದಳು. ಬಾಗಿ ಪಾಪ, ಮಾರನೆ ದಿನವೇ ಹೊಸ ಸ್ಟೀಲ್ ಡಬ್ಬಿ ತಂದಳು. ಸೋಪು ಹಚ್ಚಿ ಕೈ ತೊಳೆದು, ಬೇರೆ ಮೀನು ಮುಟ್ಟುವ ಮೊದಲೇ ಸಿಗಡಿ, ಅವರ ಬಾಯಲ್ಲಿ ಚಟ್ಲಿ, ತುಂಬಿಸಿದಳು. ಪಕ್ಕದಲ್ಲಿ ಕೂತು ಮಾರುವ ಅಕ್ಕು ಬಿಟ್ಟಾಳೆಯೇ? "ಹ್ವಾಯ್, ಕಾಣಿ, ಬಾಗಿ ಈಗ ಚಟ್ಲಿಗೂ ಮಡಿ ಉಡ್ಸುಕ್ ಹೊರ್ಟಿತ್."

"ಮಗಳ್ ಓದುದ್ ಹಾಳಾಪುಕ್ ಆಗ ಮಾರಾಯ್ತಿ," ಎಂದು ಬಾಗಿ ನಕ್ಕಳು.

ಆದರೂ ಗೆರೆ. ಹಾಳೆ ನೆನೆಸುವ ಹಾಲಿನ ಪುಡಿ ಬದಲಿಸಿದಳು, ಗೆರೆ ಮೂಡಿಸುವ ಆಂಟಿಬಾಡಿ ತೆಳು ಮಾಡಿದಳು, ತೊಳೆಯುವ ಹೊತ್ತು ಇಮ್ಮಡಿ ಮಾಡಿದಳು. ಊಹೂಂ. ಕೊನೆಗೆ ಜೊತೆಗೆ ಓದುವ ವಿಶಾಲ್ ಅದೇ ಡಬ್ಬಿಯ ಸಿಗಡಿಯಿಂದ ತಾನೇ ಬ್ಲಾಟ್ ಮಾಡಿದ. ಅವನ ಹಾಳೆಯಲ್ಲಿ ಸಿಗಡಿಯ ಸಾಲು ಖಾಲಿ.

ಮರುದಿನ ಅವಳು ಮೀನು ತೆಗೆಯುವಾಗ ಅವನು ಪಕ್ಕದಲ್ಲೇ ನಿಂತ.

"ಎಂತ ಮಾಡ್ತಿದ್ದೆ ನೀನ್?"

"ಎಂತ?"

"ಆ ಹೆಬ್ಬೆರಳ್. ಬಂಗುಡೆ ಒತ್ತಿದೆ, ಅದೇ ಗ್ಲೌಸಲ್ ಚಟ್ಲಿನೂ ಒತ್ತಿದೆ. ಮೀನ್ ಮಾರ್ಕೆಟಿಗ್ ಬಂದದ್ದಾ?"

ಧನ್ಯಶ್ರೀ ಬೆರಳು ನೋಡಿಕೊಂಡಳು. ಮೀನು ಕೈಗೆ ಸಿಕ್ಕಿತೆಂದರೆ ಒತ್ತಿ, ತಾಜಾ ಹೌದೋ ಅಲ್ಲವೋ ನೋಡುವುದು ಏಳನೇ ವಯಸ್ಸಿನಿಂದ ಬಂದ ರೂಢಿ. ಒತ್ತಿದ್ದು ಅವಳಿಗೇ ಗೊತ್ತಿರಲಿಲ್ಲ. ಮುಖ ಕಾದ ಕಾವಲಿಯಾಯಿತು.

"ಮೇಡಂಗೆ ಹೇಳುದ್ ಬ್ಯಾಡ. ಹೊಸ ಬ್ಲಾಟ್ ತೋರ್ಸ್, ಮುಗೀತ್," ಎಂದ ವಿಶಾಲ್.

ಮಧ್ಯಾಹ್ನವೇ ಬಸ್ಸು ಹಿಡಿದು ತಲ್ಲೂರಿಗೆ ಬಂದಳು. ಬಾಗಿ ಮೀನಿನ ಮುಂದೆ ಕೂತಿದ್ದಳು.

"ಅಮ್ಮ, ತಪ್ಪ್ ನಿಂದಲ್ಲ. ನಾನೇ ಬೆರಳಲ್ ಒತ್ತಿ ಒತ್ತಿ ಬಂಗುಡೆದ್ದ್ ಚಟ್ಲಿಗ್ ತಾಗ್ಸಿದ್ದೆ."

ಬಾಗಿಗೆ ನಗು ಬಂತು. "ಒತ್ತುಕ್ ಕಲ್ಸಿದ್ದ್ ನಾನೇ ಅಲ್ದಾ? ಹಾಂಗಾರೆ ನಂದೇ ತಪ್ಪ್ ಬಿಡ್."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ತಾಯಿ ಇದನ್ನೂ ತನ್ನ ತಲೆಗೇ ಕಟ್ಟಿಕೊಂಡದ್ದು ಕಂಡು ಉಳಿದದ್ದೂ ಬಾಯಿಗೆ ಬಂತು. "ಮೀನ್ ಮಾರೋರ ಕೈಯೇ ಹಾಂಗೆ ಅಂದಿದ್ದೆ ಅಮ್ಮ, ಲ್ಯಾಬಲ್. ನೀನ್ ನನ್ನಮ್ಮ ಅಂದೇಳಿಯೂ ಹೇಳಿಲ್ಲೆ."

ಪಕ್ಕದಲ್ಲಿ ಮೀನು ಕೊಯ್ಯುತ್ತಿದ್ದ ಅಕ್ಕುವಿನ ಕತ್ತಿ ನಿಂತಿತು. ಬಾಗಿ ತನ್ನ ಎರಡೂ ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡಳು, ಅವು ಒದ್ದೆ ಇರದಿದ್ದರೂ.

"ಆ ಮೇಡಮ್ಮಿಗ್ ಹೇಳಿದ್ಯಾ?"

"ಇಲ್ಲೆ," ಎನ್ನುವಾಗ ಧನ್ಯಶ್ರೀಗೆ ಅಳುವೇ ಬಂತು.

"ಅಲ್ ಹೇಳಿದ್ದಕ್ ಇಲ್ ಬಂದ್ ಮರ್ಕಿರೆ ಎಂತ ಆತ್ತ್? ಹೋಗ್."

ಬಾಗಿ ಗಿರಾಕಿಯ ಕಡೆ ತಿರುಗಿದಳು. ಧನ್ಯಶ್ರೀ ತಲೆ ಎತ್ತದೆ ರಸ್ತೆ ದಾಟಿ, ಬ್ರಹ್ಮಾವರದ ಕಡೆಗೆ ಹೋಗುವ ಬಸ್ಸಿಗೆ ಕೈ ಅಡ್ಡ ಹಿಡಿದಳು.